ಮೈಸೂರು ಹೆಸರಿನ ಸೆಕೆಂಡ್ ಹ್ಯಾಂಡ್ ಹಡಗು

ದೊಡ್ಡನೆಕ್ಕುಂದಿಯ ಮಕ್ಕಳಿಗೆ ವಿಮಾನ ಹೊಸದಲ್ಲ. ಎಚ್‌ಎಎಲ್ ನಿಲ್ದಾಣದಿಂದ ಮೇಲೇರುವ ವಿಮಾನಗಳ ಸದ್ದಿನಲ್ಲೇ ಅವರು ಬೆಳೆಯುತ್ತಾರೆ. ನೀರೆಂದರೆ ಮಾತ್ರ ಊರ ಕೆರೆ. ಸಮುದ್ರವೇನಿದ್ದರೂ ಭೂಗೋಳದ ಪುಸ್ತಕದಲ್ಲಿ. ಅಂಥ ಊರಿನ ಹುಡುಗನಿಗೆ ‘ಮೈಸೂರು’ ಹೆಸರಿನ ಯುದ್ಧನೌಕೆಯೊಂದು ಇತ್ತೆಂದರೆ ಅಚ್ಚರಿಯಾದೀತು. ಅದು ಬ್ರಿಟಿಷರು ಬಳಸಿ ಮಾರಿದ ಹಳೆಯ ಹಡಗು ಎಂದರೆ ಅವನ ತಂದೆಗೂ ಅಚ್ಚರಿಯೇ.

ಮೊದಲ ಮಹಾಯುದ್ಧದ ನಂತರ ದೊಡ್ಡ ರಾಷ್ಟ್ರಗಳು ನೌಕೆಗಳ ತೂಕ, ತೋಪುಗಳ ಅಳತೆಗಳಿಗೆ ಮಿತಿ ಹಾಕಿಕೊಳ್ಳತೊಡಗಿದವು. 1936ರ ಲಂಡನ್ ಒಪ್ಪಂದ ಕ್ರೂಸರ್‌ಗಳಿಗೆ 8,000 ಟನ್ನುಗಳ ಗೆರೆ ಎಳೆಯಿತು. ಕ್ರೂಸರ್ ಎಂದರೆ ಡೆಸ್ಟ್ರಾಯರಿನ ಅಣ್ಣ: ಗಾತ್ರದಲ್ಲಿ ದೊಡ್ಡದು, ತೋಪುಗಳು ಭಾರಿ. ಆ ಗೆರೆಯೊಳಗೇ ಬ್ರಿಟನ್ ರೂಪಿಸಿದ ಕ್ರೂಸರ್‌ಗಳಿಗೆ ತನ್ನ ವಸಾಹತುಗಳ ಹೆಸರಿಟ್ಟಿತು. ಅವುಗಳಲ್ಲೊಂದು ‘ನೈಜೀರಿಯಾ’. ನ್ಯೂಕಾಸಲ್‌ನಲ್ಲಿ 1938ರಲ್ಲಿ ಅದರ ಕೆಲಸ ಆರಂಭವಾಯಿತು. 1939ರ ಜುಲೈನಲ್ಲಿ ಅದನ್ನು ನೀರಿಗಿಳಿಸಿದಾಗ ಎರಡನೆಯ ಮಹಾಯುದ್ಧಕ್ಕೆ ಎರಡು ತಿಂಗಳೂ ಉಳಿದಿರಲಿಲ್ಲ.

ಯುದ್ಧಕಾಲದಲ್ಲಿ ಅದಕ್ಕೆ ಬಿಡುವೆಂಬುದೇ ಇರಲಿಲ್ಲ. 1941ರ ಜೂನ್‌ನಲ್ಲಿ ಜರ್ಮನಿಯ ಹವಾಮಾನ ವರದಿಯ ಹಡಗು ‘ಲೌವೆನ್‌ಬರ್ಗ್’ ಅನ್ನು ಹಿಡಿದ ತಂಡದಲ್ಲಿ ನೈಜೀರಿಯಾ ಇತ್ತು. ಆ ಹಡಗಿನಲ್ಲಿ ಸಿಕ್ಕ ಕಾಗದಗಳು ಎನಿಗ್ಮಾ ಗೂಢಲಿಪಿಯನ್ನು ಬಿಡಿಸುವವರಿಗೆ ನೆರವಾದವು. 1942ರ ಆಗಸ್ಟ್‌ನಲ್ಲಿ ಮಾಲ್ಟಾ ದ್ವೀಪಕ್ಕೆ ಆಹಾರ, ತೈಲ ಒಯ್ಯುತ್ತಿದ್ದ ಹಡಗುಗಳಿಗೆ ಕಾವಲಾಗಿ ಹೋದಾಗ ಇಟಲಿಯ ಸಬ್‌ಮೆರೀನ್ ಬಿಟ್ಟ ಟಾರ್ಪಿಡೊ ಬಡಿದು 52 ಜನ ಸತ್ತರು. ಹಡಗು ಹೇಗೋ ಜಿಬ್ರಾಲ್ಟರ್ ತಲುಪಿತು. ಅಮೆರಿಕದಲ್ಲಿ ರಿಪೇರಿಯಾಗಿ ಮತ್ತೆ ಯುದ್ಧಕ್ಕೆ ಹೊರಟಿತು.

1954ರಲ್ಲಿ ಭಾರತ ಅದನ್ನು 3 ಲಕ್ಷ ಪೌಂಡಿಗೆ ಕೊಂಡಿತು. ಇಂಥ ಹಡಗನ್ನು ಸ್ವತಃ ಕಟ್ಟುವ ಶಕ್ತಿ ನಮಗಿನ್ನೂ ಬಂದಿರಲಿಲ್ಲ. ಅಣ್ಣನ ಪಠ್ಯಪುಸ್ತಕಕ್ಕೆ ಹೊಸ ರಟ್ಟು ಹಾಕಿ ತಮ್ಮನಿಗೆ ಕೊಡುವ ಮನೆಗಳಿಗೆ ಈ ಲೆಕ್ಕಾಚಾರ ಅರ್ಥವಾಗದೇ ಇರದು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬಿಇಎಲ್ ಹುಟ್ಟಿದ್ದೂ ಅದೇ ವರ್ಷ. ಮುಂದೆ ನೌಕಾಪಡೆಗೆ ರಾಡಾರ್, ಸೋನಾರ್‌ಗಳನ್ನು ಒದಗಿಸಿದ್ದು ಈ ಕಾರ್ಖಾನೆಯೇ.

ಬರ್ಕನ್‌ಹೆಡ್‌ನಲ್ಲಿ ನವೀಕರಣಗೊಂಡ ಹಡಗು 1957ರ ಆಗಸ್ಟ್ 29ರಂದು ‘ಐಎನ್‌ಎಸ್ ಮೈಸೂರು’ ಆಯಿತು. ಲಾಂಛನಕ್ಕೆ ಮೈಸೂರು ಅರಸರ ಗಂಡಭೇರುಂಡ ಬಂತು. ಒಂದು ವಸಾಹತಿನ ಹೆಸರು ಅಳಿಸಿ, ಸ್ವತಂತ್ರ ದೇಶವೊಂದರ ರಾಜ್ಯದ ಹೆಸರು ಬರೆದದ್ದು ಸಣ್ಣ ಸಂಗತಿಯೇನಲ್ಲ. ಎರಡೇ ವರ್ಷದಲ್ಲಿ ಬ್ರಿಟನ್ನಿನ ‘ಹೋಗ್’ ಎಂಬ ಡೆಸ್ಟ್ರಾಯರ್‌ಗೆ ಡಿಕ್ಕಿಯಾಗಿ, ಹೋಗ್‌ನ ಮೂತಿ ಜಜ್ಜಿಹೋಯಿತು.

ಅದರ ನಿಜವಾದ ಪರೀಕ್ಷೆ ನಡೆದದ್ದು ಕಾರವಾರದ ಎದುರು. ಅಂಜದೀವ್ ದ್ವೀಪ ಪೋರ್ಚುಗೀಸರ ಕೈಯಲ್ಲಿತ್ತು. 1961ರ ನವೆಂಬರ್‌ನಲ್ಲಿ ಅಲ್ಲಿಂದ ಹಾರಿದ ಗುಂಡಿಗೆ ಮೀನುಗಾರನೊಬ್ಬ ಬಲಿಯಾದ. ಡಿಸೆಂಬರ್ 18ರ ಬೆಳಿಗ್ಗೆ ‘ತ್ರಿಶೂಲ್’ ನೌಕೆಯಿಂದ ನಾವಿಕರು ದೋಣಿಗಳಲ್ಲಿ ದ್ವೀಪಕ್ಕೆ ಹೊರಟರು. ಬೆಂಬಲಕ್ಕೆ ಮೈಸೂರು ನಿಂತಿತ್ತು. ದಡದಲ್ಲಿ ಬಿಳಿ ಬಾವುಟ ಕಾಣಿಸಿತ್ತೆಂದು ನೌಕಾಪಡೆಯ ಇತಿಹಾಸ ಹೇಳುತ್ತದೆ. ಆಮೇಲೆಯೇ ಗುಂಡಿನ ಮಳೆ ಸುರಿಯಿತು. ಏಳು ನಾವಿಕರು ಪ್ರಾಣ ತೆತ್ತರು. ಮೈಸೂರಿನ 6 ಅಂಗುಲದ ತೋಪುಗಳು ಗರ್ಜಿಸಿದವು. ಮರುದಿನದ ಹೊತ್ತಿಗೆ ದ್ವೀಪ ಭಾರತದ್ದಾಯಿತು. ಗೋವಾ ವಿಮೋಚನೆ ಎಂದರೆ ಒಂದು ಅಂಕದ ಪ್ರಶ್ನೆ ಎಂದುಕೊಂಡ ವಿದ್ಯಾರ್ಥಿಗಳಿಗೆ ಈ ಏಳು ಜನರ ಸುದ್ದಿ ಯಾರೂ ಹೇಳಿರುವುದಿಲ್ಲ.

1971ರ ಯುದ್ಧದಲ್ಲಿ ಅದು ಪಶ್ಚಿಮ ನೌಕಾದಳದ ಮುಖ್ಯ ನೌಕೆಯಾಗಿತ್ತು. ಕೊನೆಯ ವರ್ಷಗಳಲ್ಲಿ ಕೆಡೆಟ್‌ಗಳಿಗೆ ತರಬೇತಿ ನೀಡಿತು. 1973ರಲ್ಲಿ ರಾಜ್ಯವೇ ಕರ್ನಾಟಕವಾದರೂ ಹಡಗು ಮೈಸೂರಾಗಿಯೇ ಉಳಿದು, 1985ರ ಆಗಸ್ಟ್ 20ರಂದು ನಿವೃತ್ತಿಯಾಯಿತು.

ಹೆಸರು ಖಾಲಿ ಬಿದ್ದಿರಲಿಲ್ಲ. ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ನಮ್ಮವರೇ ಕಟ್ಟಿದ ಹೊಸ ‘ಮೈಸೂರು’ 1999ರ ಜೂನ್ 2ರಂದು ಸೇವೆಗೆ ಸೇರಿತು. ಇದು ಡೆಸ್ಟ್ರಾಯರ್. 2008ರ ಡಿಸೆಂಬರ್‌ನಲ್ಲಿ ಏಡನ್ ಕೊಲ್ಲಿಯಲ್ಲಿ ಇಥಿಯೋಪಿಯದ ಸರಕು ಹಡಗೊಂದು ನೆರವಿಗೆ ಮೊರೆಯಿಟ್ಟಾಗ, ಓಡಿಬಂದು 23 ಕಡಲ್ಗಳ್ಳರನ್ನು ಹಿಡಿದದ್ದು ಇದೇ ಹಡಗು.