ಕತ್ತಿಗೆ ಬಂದ ನೀರು

ಚಳ್ಳಕೆರೆ ಮಳೆ ಕಡಿಮೆ, ಶೇಂಗಾ ಎಣ್ಣೆ ಜಾಸ್ತಿ ಇರುವ ಊರು. ನಾನು ಹುಡುಗನಾಗಿದ್ದಾಗ ನಲ್ಲಿಗೆ ಮನಸ್ಸಾಗುತ್ತಿದ್ದುದು ಬೆಳಗಿನ ಜಾವ ನಾಲ್ಕಕ್ಕೆ. ಆ ಹೊತ್ತಿಗೆ ಕರೆಂಟು ಇರುತ್ತಿರಲಿಲ್ಲ. ಬಿಂದಿಗೆ ಹಿಡಿದು ಕೂತಲ್ಲೇ ನಾನು ತೂಕಡಿಸುತ್ತಿದ್ದರೆ ಅಡುಗೆಮನೆಯಿಂದಲೇ ಅವ್ವ ಕೂಗುತ್ತಿದ್ದಳು: ‘ಏ, ಕತ್ತಿಗೆ ಬಂತು, ತೆಗಿಯೋ!’ ಕೈಯಿಟ್ಟು ನೋಡಿದರೆ ನೀರು ನಿಜವಾಗಿಯೂ ಕತ್ತಿಗೇ ಬಂದಿರುತ್ತಿತ್ತು. ದಪ್ಪ ದನಿಯಲ್ಲಿ ಶುರುವಾದ ಸದ್ದು ತೆಳ್ಳಗಾಗುತ್ತ ಹೋಗಿ ಕೊನೆಗೆ ಕೀರಲಾಗುವುದನ್ನು ಅವಳ ಕಿವಿ ಅಳೆಯುತ್ತಿತ್ತು.

ಮುಂದೆ ಭೌತಶಾಸ್ತ್ರದ ಮೇಷ್ಟರಾದ ಮೇಲೆ ಅದರ ಲೆಕ್ಕ ಸಿಕ್ಕಿತು. ಅಲ್ಲಿ ಹಾಡುವುದು ನೀರಲ್ಲ, ಗಾಳಿ. ಕತ್ತಿನ ಗಾಳಿ ಬಿರಡೆಯ ಹಾಗೆ ಮೇಲೆ ಕೆಳಗೆ ಆಡುತ್ತದೆ, ಹೊಟ್ಟೆಯ ಗಾಳಿ ಸ್ಪ್ರಿಂಗಿನ ಹಾಗೆ ಅದನ್ನು ಕುಣಿಸುತ್ತದೆ. ನೀರು ಏರಿದಷ್ಟೂ ಹೊಟ್ಟೆಯ ಗಾಳಿ ಕಡಿಮೆಯಾಗಿ ಸ್ಪ್ರಿಂಗು ಬಿಗಿಯಾಗುತ್ತದೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಈ ಬಗೆಯ ಟೊಳ್ಳು ಗೋಳಗಳನ್ನು ಕಿವಿಗೆ ಹಿಡಿದು ಸ್ವರಗಳನ್ನು ಬಿಡಿಸಿ ನೋಡಿದವನು. ಅವನ ಲೆಕ್ಕದಲ್ಲಿ ಗಾಳಿ ಕಾಲು ಭಾಗಕ್ಕಿಳಿದರೆ ಆವೃತ್ತಿ ಎರಡು ಪಟ್ಟಾಗುತ್ತದೆ. ಅಂದರೆ ಮುಕ್ಕಾಲು ಬಿಂದಿಗೆ ತುಂಬುವಷ್ಟರಲ್ಲಿ ಸದ್ದು ಹೆಚ್ಚುಕಡಿಮೆ ಒಂದು ಸ್ಥಾಯಿ ಏರಿರುತ್ತದೆ. ಅವ್ವ ಸಂಗೀತ ಕಲಿತವಳಲ್ಲ.

ಇದನ್ನು ತರಗತಿಯಲ್ಲಿ ಜಂಬದಿಂದ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಸಾ, ತುಂಬೋವಾಗ ಸದ್ದು ಏರ್ತತಿ. ಅದೇ ತಾಮ್ರದ ಬಿಂದಿಗೆ ಹೊರಗಿಂದ ಬಡಿದ್ರೆ, ನೀರು ಜಾಸ್ತಿ ಇದ್ದಷ್ಟೂ ಸದ್ದು ಇಳಿತತಿ. ಯಾಕ್ ಸಾ?’ ಎಂದಳು. ಗಂಟೆ ಹೊಡೆದು ನನ್ನ ಮಾನ ಉಳಿಯಿತು. ರಾತ್ರಿ ಮನೆಯಲ್ಲಿ ಬಡಿದು ಬಡಿದು ನೋಡಿದೆ, ಹೆಂಡತಿ ಬೈದಳು. ಹೊರಗಿಂದ ಬಡಿದಾಗ ನಡುಗುವುದು ತಾಮ್ರದ ಗೋಡೆ. ಒಳಗಿನ ನೀರನ್ನೂ ಅದು ಜೊತೆಗೆ ಅಲುಗಾಡಿಸಬೇಕು. ಭಾರ ಹೊತ್ತವನ ಹೆಜ್ಜೆ ನಿಧಾನ. ಮಾರನೆ ದಿನ ಹೇಳಿದರೆ ಅವಳು, ‘ಹೂಂ ಸಾ, ನಾನೂ ಹಂಗೇ ಅಂದ್ಕಂಡಿದ್ದೆ’ ಅಂದಳು.

ಪ್ರಯೋಗಾಲಯದ ಕಥೆ ಹೇಳಬಾರದು, ಆದರೂ ಹೇಳುತ್ತೇನೆ. 512 ಹರ್ಟ್ಜ್‌ನ ಟ್ಯೂನಿಂಗ್ ಫೋರ್ಕನ್ನು ಕೊಳವೆಯ ಬಾಯಿಗೆ ಹಿಡಿದು, ನೀರಿನ ಮಟ್ಟ ಇಳಿಸುತ್ತ ಅನುರಣನ ಹುಡುಕುವ ಪ್ರಯೋಗ. ಒಬ್ಬ ಹುಡುಗನಿಗೆ ಶಬ್ದದ ವೇಗ ಸೆಕೆಂಡಿಗೆ 355 ಮೀಟರ್ ಬಂತು. ಪುಸ್ತಕದಲ್ಲಿ 340 ಇತ್ತಲ್ಲ, ಕೆಂಪು ಶಾಯಿಯಲ್ಲಿ ತಪ್ಪು ಎಂದು ಬರೆದೆ. ಅದು ಏಪ್ರಿಲ್, ನಮ್ಮ ಕೊಠಡಿಗೆ ತಗಡಿನ ಮಾಡು. ಒಂದು ಡಿಗ್ರಿ ಬಿಸಿ ಏರಿದರೆ ಶಬ್ದದ ವೇಗ ಸುಮಾರು 0.6 ಮೀಟರ್ ಏರುತ್ತದೆ. 40 ಡಿಗ್ರಿಯಲ್ಲಿ 355 ಬರಲೇಬೇಕು. ಹುಡುಗ ಸರಿಯಾಗಿಯೇ ಅಳೆದಿದ್ದ. ತಪ್ಪು ತಣ್ಣನೆ ದೇಶದ ಅಂಕಿಯನ್ನು ನಂಬಿದ ನನ್ನದು. ಆ ಕೆಂಪು ಶಾಯಿ ಈಗಲೂ ಕಣ್ಣಿಗೆ ಬರುತ್ತದೆ.

ಈಗ ನಮ್ಮ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆ ಆವರಣವಿದೆ, ಅಲ್ಲಿ ಮೇಷ್ಟರುಗಳಿಗೂ ಪಾಠ ನಡೆಯುತ್ತದೆ. ಆ ದಾರಿಯಲ್ಲಿ ಹೋಗುವಾಗ ನನಗೆ ರಾಮನ್ ನೆನಪಾಗುತ್ತಾರೆ. 1933ರಲ್ಲಿ ಆ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದವರು. ಬೆಳಕಿಗೆ ನೊಬೆಲ್ ಬರುವ ಮೊದಲೇ ಅವರು ಪಿಟೀಲಿನ ತಂತಿಯ ಮೇಲೆ, ಮೃದಂಗ ತಬಲಾಗಳ ಮೇಲೆ ಬರೆದಿದ್ದರು. ಮೃದಂಗದ ನಡುವಿನ ಕರಣೆಯ ಭಾರದಿಂದಲೇ ಅದರ ಉಪಸ್ವರಗಳು ಸಾಲಾಗಿ ಶ್ರುತಿಗೆ ಕೂಡುತ್ತವೆ ಎಂದು ತೋರಿಸಿದರು.

ಮೊಳಕಾಲ್ಮೂರಿನ ಕಡೆ ಅವರೇನಾದರೂ ಬಂದಿದ್ದರೆ ಉರುಮೆಯ ಮುಂದೆ ಕೂತುಬಿಡುತ್ತಿದ್ದರು ಎಂದು ನನ್ನ ನಂಬಿಕೆ. ಮ್ಯಾಸನಾಯಕರ ಹಟ್ಟಿಯ ಹಬ್ಬದಲ್ಲಿ ಅದನ್ನು ಕೇಳಬೇಕು. ಒಂದು ಮುಖಕ್ಕೆ ಕೋಲಿನ ಬಡಿತ. ಇನ್ನೊಂದು ಮುಖದ ಚರ್ಮವನ್ನು ಬಾಗಿದ ಕಡ್ಡಿಯಿಂದ ಉಜ್ಜುತ್ತಾರೆ. ಉರ್‌ರ್ ಎಂದು ಹೊಟ್ಟೆಯೊಳಗಿಂದ ಬಂದಂತೆ ನರಳುತ್ತದೆ. ಕಡ್ಡಿ ಚರ್ಮವನ್ನು ಕಚ್ಚಿ ಎಳೆಯುತ್ತದೆ, ತಡೆಯಲಾರದೆ ಜಾರುತ್ತದೆ, ಮತ್ತೆ ಕಚ್ಚುತ್ತದೆ. ಪಿಟೀಲಿನ ಕಮಾನು ಮಾಡುವುದೂ ಇದನ್ನೇ.

ಒಂದು ಹಬ್ಬದಲ್ಲಿ ಉರುಮೆಯವರಿಗೆ ಈ ಜಾರುಕಚ್ಚಿನ ಪಾಠ ಹೇಳಿದೆ. ಅವರು ಸಮಾಧಾನದಿಂದ ಕೇಳಿ, ಕಡ್ಡಿಯನ್ನು ನನ್ನ ಕೈಗೇ ಕೊಟ್ಟರು. ಉಜ್ಜಿದೆ. ಜರ್ ಎಂದಿತು, ಅಷ್ಟೆ. ‘ಒತ್ತಬ್ಯಾಡ್ರಿ ಮೇಷ್ಟ್ರೇ, ಎಳೀರಿ’ ಅಂದರು. ಎಳೆದೆ. ಪಕ್ಕದಲ್ಲಿ ನಿಂತಿದ್ದ ದೇವರ ಎತ್ತು ಒಮ್ಮೆ ತಿರುಗಿ ನೋಡಿ, ಮತ್ತೆ ಮೇವಿಗೆ ಬಾಯಿ ಹಾಕಿತು.