ಪೊಮೊನಾದ ಗ್ಯಾರೇಜು, ಅಪ್ಪನ ಗೇರು

ಅಮೆರಿಕಕ್ಕೆ ಬಂದ ಮೂರು ವರ್ಷ ನಾನು ಕ್ಲಚ್ ತುಳಿದೇ ಇರಲಿಲ್ಲ. ಇಲ್ಲಿ ಹೆಚ್ಚಿನ ಕಾರುಗಳು ಆಟೊಮ್ಯಾಟಿಕ್; ಎಡಗಾಲಿಗೆ ಕೆಲಸವೇ ಇಲ್ಲ. ಆ ಕಾಲಿಗೆ ಮತ್ತೆ ಕೆಲಸ ಕೊಟ್ಟವರು, ಲಾಸ್ ಏಂಜಲೀಸ್ ಹತ್ತಿರದ ಪೊಮೊನಾದಲ್ಲಿ ನಮ್ಮ ಎದುರುಮನೆಯ ಅಜ್ಜ.

ಅವರ ಗ್ಯಾರೇಜಿನಲ್ಲಿ 1932ರ ಫೋರ್ಡ್ ಇತ್ತು. ಮೈ ಹಳೆಯದು, ಒಳಗೆ ಷೆವ್ರೊಲೆ 350 ವಿ8 ಎಂಜಿನ್. 1949ಕ್ಕಿಂತ ಹಳೆಯ ಗಾಡಿಗೆ ಹೀಗೆ ಹೊಸ ಜೀವ ತುಂಬಿದರೆ ಇಲ್ಲಿ ‘ಸ್ಟ್ರೀಟ್ ರಾಡ್’ ಅಂತಾರೆ. ಅಜ್ಜನದ್ದೂ ಆಟೊಮ್ಯಾಟಿಕ್ಕೇ. ಮಂಡಿ ಪೂರ್ತಿ ಕೈಕೊಡುವ ಮೊದಲು ಒಂದ್ಸಲ ಗೇರ್ ಹಾಕಿಕೊಂಡು ಎಲ್ ಮಿರಾಜ್‌ಗೆ ಹೋಗಬೇಕು ಅನ್ನೋದು ಅವರ ಆಸೆ. ಅದು ಮೊಹಾವಿ ಮರುಭೂಮಿಯ ಒಣ ಕೆರೆ. ಹಾಟ್ ರಾಡ್ ಹುಚ್ಚಿನವರು ವೇಗ ಅಳೆಯುವ ಜಾಗ.

ಐದು ಗೇರಿನ ಟಿ5 ಬಾಕ್ಸ್ ಬಂತು. ನಮ್ಮ ಶನಿವಾರಗಳೆಲ್ಲ ಅದಕ್ಕೇ ಮೀಸಲಾದವು. ಫ್ಲೆಕ್ಸ್‌ಪ್ಲೇಟ್ ತೆಗೆದು ಫ್ಲೈವೀಲ್ ಹಾಕಿದೆವು. ಕ್ರ್ಯಾಂಕ್ ತುದಿಗೆ ಪೈಲಟ್ ಬುಷ್, ಆಮೇಲೆ ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು. ಮಂಡಿಗೆ ಹಗುರಾಗಲಿ ಅಂತ ಹೈಡ್ರಾಲಿಕ್ ಕ್ಲಚ್.

‘ಬೆಲ್‌ಹೌಸಿಂಗ್‌ಗೆ ಡಯಲ್ ಗೇಜ್ ಇಟ್ಟು ನೋಡಿದ್ಯಾ?’ ಅಜ್ಜ ಕೇಳಿದರು. ‘ಹ್ಞೂಂ’ ಅಂದುಬಿಟ್ಟೆ. ನೋಡಿರಲಿಲ್ಲ. ಸಂಜೆಯಾಗಿತ್ತು, ಹಸಿವಾಗಿತ್ತು.

ಗಾಡಿ ಸ್ಟಾರ್ಟ್ ಆಯಿತು. ಆದರೆ ಗೇರು ಬಿಗಿ. ಬಿದ್ದರೂ ಜಾರಿ ಹೊರಬರುತ್ತಿತ್ತು. ರಾತ್ರಿ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸಿದ ಮನುಷ್ಯ. ‘ಬಾಕ್ಸು ಸೆಂಟ್ರಿಗೆ ಕೂತಿಲ್ಲ ಕಣೋ, ಬಿಚ್ಚು’ ಅಂದರು.

ಬೆಳಿಗ್ಗೆ ಅಜ್ಜನ ಮುಂದೆ ಸುಳ್ಳು ಒಪ್ಪಿಕೊಂಡೆ. ಅವರು ಮಾತಾಡದೆ ಸ್ಪ್ಯಾನರ್ ಕೈಗಿಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಬೆಲ್‌ಹೌಸಿಂಗಿನ ನಡುವಿನ ತೂತು ಕ್ರ್ಯಾಂಕಿನ ನಡುವಿಗೆ ಸರಿಯಾಗಿ ಕೂರಬೇಕು. ಒಂದು ಪೂರ್ತಿ ಸುತ್ತಿಗೆ ಗೇಜಿನ ಮುಳ್ಳು 0.005 ಇಂಚು ದಾಟಬಾರದು. ನಮ್ಮದು 0.014! ಆಫ್‌ಸೆಟ್ ಡೋವೆಲ್ ಪಿನ್ ಹಾಕಿ, ಮತ್ತೆ ಅಳೆದು, ಸರಿಪಡಿಸುವಷ್ಟರಲ್ಲಿ ಇನ್ನೆರಡು ಶನಿವಾರ ಹೋದವು.

ಕೊನೆಗೆ ಹೊರಟೆವು. ಕಹೋನ್ ಪಾಸ್‌ನ ಏರು 4,000 ಅಡಿ ದಾಟುತ್ತದೆ. ಅಜ್ಜನೇ ಓಡಿಸಿದರು, ನಾಲ್ಕನೇ ಗೇರಿನಲ್ಲಿ. ಎಲ್ ಮಿರಾಜ್‌ನಲ್ಲಿ ಕಣ್ಣು ಹಾಯುವಷ್ಟು ದೂರ ಬಿರುಕುಬಿಟ್ಟ ಮಣ್ಣು, ಗಾಳಿ, ಮತ್ತೇನಿಲ್ಲ. ಅಜ್ಜ ಇಳಿದು, ಬಾನೆಟ್ ಮೇಲೆ ಕೈಯಿಟ್ಟು ಸುಮಾರು ಹೊತ್ತು ನಿಂತರು.

ವಾಪಸ್ ಹೊರಡುವಾಗ ಮಂಡಿ ಊದಿತ್ತು. ಕೀ ನನ್ನ ಕೈಗಿಟ್ಟರು. ಸುಳ್ಳು ಹೇಳಿದವನ ಕೈಗೆ!

ಕಹೋನ್ ಇಳಿಜಾರಿನಲ್ಲಿ ಅಪ್ಪನ ಮಾತು ನೆನಪಾಯಿತು: ‘ಹತ್ತಿದ ಗೇರಲ್ಲೇ ಇಳೀಬೇಕು.’ ನಾಲ್ಕಕ್ಕೇ ಹಾಕಿದೆ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡಿತು. ಗೇರು ಜಾರಲಿಲ್ಲ. ಪಕ್ಕದಲ್ಲಿ ಅಜ್ಜ ನಿದ್ದೆ ಹೋಗಿದ್ದರು.

ಮನೆ ಮುಟ್ಟಿ ಅಪ್ಪನಿಗೆ ಫೋನ್ ಮಾಡಿದೆ.

‘ಬ್ರೇಕ್ ಸುಟ್ಟ ವಾಸನೆ ಬಂತಾ?’

‘ಇಲ್ಲಪ್ಪ.’

‘ಹಂಗಾದ್ರೆ ಸರಿ. ಊಟ ಮಾಡಿ ಮಲಕ್ಕೊ.’