ಒಂದು ಫ್ರೇಮ್ ಹಿಂದೆ ಹೋಗು

ಬೇರೆಯವರ ಡೆಮೊ ರೀಲ್ ನೋಡುವುದೆಂದರೆ ನನಗೆ ಬಹಳ ಇಷ್ಟ. ರಜೆಯ ದಿನ ಬೆಳಿಗ್ಗೆ ಕಾಫಿ ಮುಗಿಸಿ, ಕಿಟಕಿಯ ಪರದೆ ಎಳೆದು, ಯಾರೋ ಹುಡುಗನೋ ಹುಡುಗಿಯೋ ಕಳಿಸಿದ ಒಂದೂವರೆ ನಿಮಿಷದ ವಿಡಿಯೊ ಮುಂದೆ ಕೂತರೆ ಮಧ್ಯಾಹ್ನದ ಊಟದ ಹೊತ್ತು ಮೀರಿದ್ದೂ ತಿಳಿಯುವುದಿಲ್ಲ. ಒಂದೂವರೆ ನಿಮಿಷದ್ದನ್ನು ನೋಡಲು ಅಷ್ಟು ಹೊತ್ತೇ ಎಂದು ಮನೆಯವರು ಕೇಳುತ್ತಾರೆ. ಸೆಕೆಂಡಿಗೆ 24 ಫ್ರೇಮಿನಂತೆ ಲೆಕ್ಕ ಹಾಕಿದರೆ ಅದರಲ್ಲಿ 2160 ಚಿತ್ರಗಳಿವೆ. ಒಂದೊಂದರ ಮೇಲೂ ಯಾರೋ ರಾತ್ರಿಯೆಲ್ಲ ಕಣ್ಣಿಟ್ಟು ಕೂತಿದ್ದಾರೆ. ನಾನು ಅರ್ಧ ದಿನ ಕೂತರೆ ಅದೇನು ಹೆಚ್ಚಲ್ಲ.

ವಿಷುವಲ್ ಎಫೆಕ್ಟ್ಸ್ ಲೋಕದಲ್ಲಿ ಅಂಕಪಟ್ಟಿಗಿಂತ ಮೊದಲು ಕೇಳುವುದು ರೀಲನ್ನು. ಕಲಿತವರು ತಾವು ಮಾಡಿದ ಶಾಟ್‌ಗಳಲ್ಲಿ ಒಳ್ಳೆಯದನ್ನು ಆರಿಸಿ, ಪೋಣಿಸಿ, ಸ್ಟುಡಿಯೊಗಳಿಗೆ ಕಳಿಸುತ್ತಾರೆ. ಕಳಿಸುವ ಮುನ್ನ ಅನುಭವಸ್ಥರೊಬ್ಬರಿಗೆ ತೋರಿಸುತ್ತಾರೆ. ಆ ತೋರಿಸುವ ಮತ್ತು ನೋಡುವ ಘಳಿಗೆಯ ಬಗ್ಗೆ ಹೇಳಬೇಕೆಂದು ನನಗೆ ಬಹಳ ದಿನದಿಂದ ಆಸೆ. ನಮ್ಮ ಕೆಲಸದ ಸೊಗಸೆಲ್ಲ ಅಲ್ಲೇ ಇದೆಯೆಂದು ನಾನು ನಂಬಿದ್ದೇನೆ.

ಮೊದಲ ಸಲ ಎಲ್ಲಿಯೂ ನಿಲ್ಲಿಸದೆ ನೋಡಬೇಕು. ಮಾಡಿದವರು ಹಾಕಿರುವ ಸಂಗೀತವನ್ನು ಮ್ಯೂಟ್ ಮಾಡಿಬಿಡುತ್ತೇನೆ. ಢಂಢಂ ಎನ್ನುವ ಸದ್ದು ದುರ್ಬಲ ಶಾಟನ್ನೂ ಎತ್ತಿ ನಿಲ್ಲಿಸಿಬಿಡುತ್ತದೆ. ನೋಡುವಾಗ ನನ್ನ ಕಣ್ಣು ಎಲ್ಲಿಗೆ ಓಡಿತು, ಎಲ್ಲಿ ತೊಡರಿತು ಎಂಬುದಷ್ಟೇ ಮುಖ್ಯ. ಆ ಮೊದಲ ನೋಟ ಒಂದೇ ಸಲ ಸಿಗುವಂಥದ್ದು. ಎರಡನೆಯ ಸಲಕ್ಕೆ ಕಣ್ಣು ಆಗಲೇ ಆ ತಪ್ಪಿನ ಜೊತೆ ರಾಜಿ ಮಾಡಿಕೊಂಡಿರುತ್ತದೆ. ಮಾಡಿದವರ ಕಷ್ಟವೂ ಇದೇ: ಒಂದೇ ಶಾಟನ್ನು ತಿಂಗಳುಗಟ್ಟಲೆ ನೋಡಿ ನೋಡಿ ಅವರಿಗೆ ಮೊದಲ ನೋಟವೆಂಬುದೇ ಉಳಿದಿರುವುದಿಲ್ಲ. ಅವರು ನಮ್ಮ ಬಳಿ ಬರುವುದು ಅದನ್ನು ಕಡ ಕೇಳಲು.

ಆಮೇಲೆ ಒಂದೊಂದೇ ಫ್ರೇಮ್. ಈ ಭಾಗ ನನಗೆ ತೀರ ಪ್ರಿಯ. ಕಂಪ್ಯೂಟರಿನಲ್ಲಿ ಕಟ್ಟಿದ ವಸ್ತುವನ್ನು ಕ್ಯಾಮೆರಾ ಹಿಡಿದ ದೃಶ್ಯದೊಳಗೆ ಕೂರಿಸಿದಾಗ ಅದು ಅಂಟಿಸಿದಂತೆ ಕಂಡರೆ, ಕಾರಣ ಸಾಮಾನ್ಯವಾಗಿ ಕೆಲವೇ ಜಾಗಗಳಲ್ಲಿ ಅಡಗಿರುತ್ತದೆ. ನೆಲಕ್ಕೆ ತಾಗುವ ಕಡೆ ನೆರಳಿದೆಯೇ? ಅದರ ಕಪ್ಪು ಪಕ್ಕದ ನಿಜವಾದ ಕಪ್ಪಿಗೆ ಹೊಂದುತ್ತದೆಯೇ? ಅಂಚು ಬ್ಲೇಡಿನಿಂದ ಕತ್ತರಿಸಿದಂತಿದೆಯೋ, ಹಿಂದಿನ ಬೆಳಕು ಅದರ ಮೇಲೆ ಸ್ವಲ್ಪ ಹರಿದಿದೆಯೋ? ವ್ಯೂವರಿನಲ್ಲಿ ಗಾಮಾ ಏರಿಸಿದರೆ ಕತ್ತಲೆಯಲ್ಲಿ ಮುಚ್ಚಿಟ್ಟದ್ದು ಹೊರಬೀಳುತ್ತದೆ, ಇಳಿಸಿದರೆ ಬೆಳಕಿನಲ್ಲಿ ಕರಗಿದ್ದು ಎದ್ದು ನಿಲ್ಲುತ್ತದೆ. ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಸಾಮಾನ್ಯವಾಗಿ ನೀಲಿಯಲ್ಲೇ ಗ್ರೇನ್, ಅಂದರೆ ಚಿತ್ರದ ಮೇಲಿನ ಮರಳಿನಂಥ ಚುಕ್ಕೆಗಳು, ಹೆಚ್ಚು. ಸುತ್ತಲೆಲ್ಲ ಗ್ರೇನ್ ಮಿಜಿಗುಡುತ್ತಿದ್ದು ನಡುವೆ ಒಂದು ವಸ್ತು ಮಾತ್ರ ನುಣ್ಣಗೆ ನಿಂತಿದ್ದರೆ, ಅದು ಹೊರಗಿನಿಂದ ಬಂದದ್ದೆಂದು ನೀಲಿ ಚಾನೆಲ್ ಥಟ್ಟನೆ ಹೇಳಿಬಿಡುತ್ತದೆ. ಎಲ್ಲ ಮುಗಿದ ಮೇಲೆ ಚಿತ್ರವನ್ನು ಎಡಬಲ ತಿರುಗಿಸಿ ಒಮ್ಮೆ ನೋಡುತ್ತೇನೆ. ಬರೆದ ಚಿತ್ರವನ್ನು ಕನ್ನಡಿಯಲ್ಲಿ ನೋಡಿ ಪರೀಕ್ಷಿಸಿಕೊಳ್ಳಿ ಎಂದು ಲಿಯೊನಾರ್ಡೊ ಡ ವಿಂಚಿ ಚಿತ್ರಕಾರರಿಗೆ ಹೇಳಿದ್ದ; ಇವತ್ತು ನಮಗೆ ಅದಕ್ಕೊಂದು ಬಟನ್ ಇದೆ.

ಹೀಗೆ ನೋಡಿದ್ದನ್ನೆಲ್ಲ ಹೇಳಬೇಕಲ್ಲ, ಅಲ್ಲಿಂದ ಇನ್ನೊಂದು ಕಲೆ ಶುರುವಾಗುತ್ತದೆ. ನಮ್ಮ ಕಡೆ ಅದಕ್ಕೆ ನೋಟ್ಸ್ ಕೊಡುವುದು ಎನ್ನುತ್ತಾರೆ. "ಚೆನ್ನಾಗಿದೆ" ಎಂದು ಬೆನ್ನು ತಟ್ಟಿ ಕಳಿಸುವುದು ಜಿಪುಣತನ. "ಯಾಕೋ ಸರಿಯಿಲ್ಲ" ಎನ್ನುವುದು ಅದಕ್ಕಿಂತ ದೊಡ್ಡ ಜಿಪುಣತನ. ಹೋಗುವವರು ಖಾಲಿ ಕೈಯಲ್ಲಿ, ಮೇಲೆ ಒಂದು ನೋವನ್ನೂ ಹೊತ್ತು ಹೋಗುತ್ತಾರೆ. ಕಟುವಾಗಿ ಬೈದರೇನೇ ಗಟ್ಟಿಯಾಗುತ್ತಾರೆ ಎಂದು ವಾದಿಸುವ ಹಿರಿಯರು ನಮ್ಮಲ್ಲಿದ್ದಾರೆ. ನಾನು ಒಪ್ಪುವುದಿಲ್ಲ. ಬೈಸಿಕೊಂಡವರಿಗೆ ಬೈಗುಳ ನೆನಪಿರುತ್ತದೆ, ಫ್ರೇಮ್ ನೆನಪಿರುವುದಿಲ್ಲ. ನೋಟ್ಸ್ ಎಂದರೆ ಪರದೆಯ ಮೇಲೆ ಬೆರಳಿಟ್ಟು ತೋರಿಸುವಂತಿರಬೇಕು: 46ನೇ ಫ್ರೇಮಿನಿಂದ 60ರವರೆಗೆ ಎಡಗಾಲು ನೆಲದ ಮೇಲೆ ಜಾರುತ್ತಿದೆ. ಇಷ್ಟು ಹೇಳಿದರೆ ಹೇಳಿಸಿಕೊಂಡವರಿಗೆ ನಾಚಿಕೆ ಪಡಲು ಪುರುಸೊತ್ತೇ ಇರುವುದಿಲ್ಲ. ಅವರಾಗಲೇ ಆ ಕಾಲನ್ನು ನೋಡುತ್ತಿರುತ್ತಾರೆ.

ಬೆಂಗಳೂರಿನಲ್ಲಿ ಈ ಕಸುಬು ಬೆಳೆದದ್ದೇ ಬಹುಪಾಲು ಕಣ್ಣಿಗೆ ಕಾಣದ ಕೆಲಸದಿಂದ. ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್ ಕ್ಷೇತ್ರಕ್ಕೆಂದೇ ಕರ್ನಾಟಕ ಸರ್ಕಾರ 2012ರಲ್ಲಿ ನೀತಿಯೊಂದನ್ನು ತಂದಿತು, ದೇಶದಲ್ಲೇ ಮೊದಲು. ಅದಕ್ಕೂ ಮೊದಲಿನಿಂದ ಇಲ್ಲಿನ ಹುಡುಗರು ಹುಡುಗಿಯರು ಲಂಡನ್ನಿನ, ಲಾಸ್ ಏಂಜಲೀಸಿನ ಸಿನಿಮಾಗಳಿಗೆ ರೋಟೊ ಮಾಡಿಕೊಡುತ್ತಿದ್ದರು, ಪೇಂಟ್ ಮಾಡಿಕೊಡುತ್ತಿದ್ದರು. ರೋಟೊ ಎಂದರೆ ಚಲಿಸುವ ವ್ಯಕ್ತಿಯ ಸುತ್ತ ಫ್ರೇಮಿನಿಂದ ಫ್ರೇಮಿಗೆ ಗೆರೆ ಕಟ್ಟಿ ಹಿನ್ನೆಲೆಯಿಂದ ಬೇರ್ಪಡಿಸುವುದು. ಪೇಂಟ್ ಎಂದರೆ ನಟನನ್ನು ಎತ್ತಿ ಹಿಡಿದ ತಂತಿಯನ್ನೋ, ಗಾಜಿನಲ್ಲಿ ಬಿದ್ದ ಕ್ಯಾಮೆರಾದ ಬಿಂಬವನ್ನೋ ಅಳಿಸಿ ಹಿಂದೆ ಇರಬೇಕಾದದ್ದನ್ನು ತುಂಬುವುದು.

ಇಂಥವರ ರೀಲ್ ನೋಡುವಾಗ ನನಗೆ ವಿಶೇಷ ಗೌರವ ಮೂಡುತ್ತದೆ. ಡ್ರ್ಯಾಗನ್ನನ್ನು ಹಾರಿಸಿದವರ ಬಳಿ ತೋರಿಸಲು ಡ್ರ್ಯಾಗನ್ ಇದೆ. ತಂತಿ ಅಳಿಸಿದವರ ಬಳಿ ಇರುವುದು ತಂತಿ ಇಲ್ಲದ ಆಕಾಶ. ಕೆಲಸ ಚೆನ್ನಾದಷ್ಟೂ ತೋರಿಸಲು ಏನೂ ಉಳಿಯುವುದಿಲ್ಲ. ಹಾಗಾಗಿ ಮೊದಲು ಕ್ಯಾಮೆರಾ ಹಿಡಿದ ಮೂಲ ಪ್ಲೇಟ್ ತೋರಿಸು, ಆಮೇಲೆ ನಿನ್ನ ಗೆರೆಗಳನ್ನು ತೋರಿಸು, ಕೊನೆಗೆ ಮುಗಿದ ಶಾಟ್, ಮೂರಕ್ಕೂ ನೋಡುವವರು ಉಸಿರಾಡುವಷ್ಟು ಸಮಯ ಕೊಡು ಎಂದು ಅವರಿಗೆ ಹೇಳುತ್ತೇನೆ. ಗೆರೆಗಳಲ್ಲೇ ಅವರ ಬುದ್ಧಿ ಕಾಣುವುದು. ಇಡೀ ಮನುಷ್ಯನನ್ನು ಒಂದೇ ಗೆರೆಯಲ್ಲಿ ಸುತ್ತಿದವರಿಗೆ ಅವನು ತಿರುಗಿದ ಕೂಡಲೇ ಅಂಚು ನಡುಗತೊಡಗುತ್ತದೆ. ಭುಜಕ್ಕೊಂದು, ಮೊಣಕೈವರೆಗೆ ಒಂದು, ಅಂಗೈಗೆ ಒಂದು, ಬೆರಳಿಗೊಂದು ಎಂದು ಮೂಳೆಯ ಕೀಲಿನ ಪ್ರಕಾರ ಭಾಗ ಮಾಡಿದವರ ಗೆರೆ ದೇಹದ ಜೊತೆ ತಾನಾಗಿ ಸಾಗುತ್ತದೆ. ಬೀಸಿದ ಕೈಯ ಮಸುಕನ್ನು, ಗಾಳಿಗೆ ಹಾರಿದ ಒಂದೆಳೆ ಕೂದಲನ್ನು ಹೇಗೆ ಹಿಡಿದಿದ್ದಾರೆಂದು ನೋಡಿದರೆ ಇವರು ಎಷ್ಟು ತಾಳ್ಮೆಯವರೆಂದು ಗೊತ್ತಾಗುತ್ತದೆ. ರೀಲಿನ ಜೊತೆ ಕೊಡುವ ಪಟ್ಟಿಯಲ್ಲಿ "ಈ ಶಾಟಿನಲ್ಲಿ ನಾನು ಮಾಡಿದ್ದು ರೋಟೊ ಮಾತ್ರ" ಎಂದು ನೇರವಾಗಿ ಬರೆದವರನ್ನು ಕಂಡರೆ ನನಗೆ ಆ ಕ್ಷಣವೇ ಅವರ ಮೇಲೆ ವಿಶ್ವಾಸ ಹುಟ್ಟುತ್ತದೆ.

ಹೇಳಲು ಕಷ್ಟವಾದ ಮಾತು ಒಂದಿದೆ: ಈ ಶಾಟ್ ತೆಗೆದುಬಿಡು. ಅದಕ್ಕಾಗಿ ಇಡೀ ಬೇಸಿಗೆ ಕೊಟ್ಟಿರುತ್ತಾರೆ. ನೋಡುವವರಿಗೆ ಆ ಬೇಸಿಗೆ ಕಾಣುವುದಿಲ್ಲ, ಜಾರುವ ಕಾಲು ಕಾಣುತ್ತದೆ. ರೀಲನ್ನು ಅಳೆಯುವವರು ಅದರ ಅತಿ ದುರ್ಬಲ ಶಾಟಿನಿಂದಲೇ ಅಳೆಯುತ್ತಾರೆ, ಯಾಕೆಂದರೆ ಇದು ಸಾಲದೆಂದು ಇವರಿಗೆ ತಿಳಿಯಲಿಲ್ಲವಲ್ಲ ಎಂಬ ಅನುಮಾನ ಉಳಿದ ಶಾಟ್‌ಗಳಿಗೂ ಹರಡುತ್ತದೆ. ಅದನ್ನು ಹೇಳುವಾಗ ನಾನು ಎದುರಿಗೇ ಕೂತು, ನಿಧಾನವಾಗಿ, ಆ ಶಾಟ್ ಮಾಡಿ ಅವರು ಏನೇನು ಕಲಿತರೆಂದು ಮೊದಲು ಕೇಳುತ್ತೇನೆ. ಕಲಿತದ್ದು ಬೇರೆ ಶಾಟಿಗೆ ಹೋಗುತ್ತದೆ. ಶಾಟ್ ಹೊರಗೆ ಹೋಗುತ್ತದೆ.

ನೋಟ್ಸ್ ತೆಗೆದುಕೊಳ್ಳುವುದೂ ನನಗೆ ಅಷ್ಟೇ ಪ್ರಿಯ. ದೊಡ್ಡ ಸ್ಟುಡಿಯೊಗಳಲ್ಲಿ ಡೈಲೀಸ್ ಎಂಬ ಪದ್ಧತಿಯಿದೆ. ಅರೆಗತ್ತಲೆಯ ಕೋಣೆಯಲ್ಲಿ ಎಲ್ಲರ ಶಾಟೂ ಎಲ್ಲರೆದುರು ಪರದೆಯ ಮೇಲೆ ಬರುತ್ತದೆ. ಸೂಪರ್‌ವೈಸರ್ ಹಿಂದೆ ಮುಂದೆ ಓಡಿಸಿ ನೋಡುತ್ತಾರೆ. ನನ್ನ ಹೆಸರು ಬಂದಾಗ ಎದೆ ಈಗಲೂ ಢವಗುಟ್ಟುತ್ತದೆ. ನಾನು ಬಹಳ ಕಲಿತದ್ದು ಒಬ್ಬ ಹಿರಿಯರಿಂದ. ಅವರು ಇದನ್ನು ಹೀಗೆ ಮಾಡು ಎಂದು ಹೇಳುತ್ತಿರಲಿಲ್ಲ. "ಒಂದು ಫ್ರೇಮ್ ಹಿಂದೆ ಹೋಗು. ಇಲ್ಲಿ ಸೂರ್ಯ ಎಲ್ಲಿದ್ದಾನೆ?" ಎಂದು ಕೇಳಿ ಸುಮ್ಮನಾಗುತ್ತಿದ್ದರು. ಆ ಪ್ರಶ್ನೆ ಮನೆಯವರೆಗೂ ಜೊತೆಗೆ ಬರುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತ ಆಟೊದ ಹೊಟ್ಟೆಯಡಿ ರಸ್ತೆಯ ಬೆಳಕು ಮೇಲಕ್ಕೆ ಪುಟಿಯುವುದನ್ನು ನಾನು ಮೊದಲ ಸಲ ಗಮನಿಸಿದ್ದು ಅಂಥ ಒಂದು ಸಂಜೆ. ಲಾಲ್‌ಬಾಗಿನಲ್ಲಿ ಹತ್ತಿರದ ಮರದ ಕಪ್ಪೇ ಬೇರೆ, ಕೆರೆಯಾಚೆಯ ಮರದ ಕಪ್ಪೇ ಬೇರೆ ಎಂದು ಕಂಡದ್ದೂ ಹಾಗೆಯೇ. ಒಳ್ಳೆಯ ನೋಟ್ಸು ನಾಟಿ ವೈದ್ಯರು ಕೊಟ್ಟ ಬೇರಿನ ಔಷಧಿಯಂತೆ. ನಾಲಿಗೆಗೆ ಆ ಕ್ಷಣ ಕಹಿ, ಕೆಲಸ ಮಾಡುವುದು ಆಮೇಲೆ, ನಾವು ಮರೆತ ಹೊತ್ತಿನಲ್ಲಿ.

ಈ ಕೊಡುಕೊಳ್ಳುವಿಕೆ ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ 1993ರ 'ಜುರಾಸಿಕ್ ಪಾರ್ಕ್' ನನಗೆ ಸದಾ ನೆನಪಾಗುತ್ತದೆ. ಓಡುವ ಡೈನೊಸಾರ್‌ಗಳನ್ನು ಗೊಂಬೆಗಳಿಂದಲೇ ಆಡಿಸುವುದೆಂದು ಸ್ಟೀವನ್ ಸ್ಪೀಲ್‌ಬರ್ಗ್ ಮೊದಲು ನಿಶ್ಚಯಿಸಿದ್ದರು. ಆ ಹೊಣೆ ಫಿಲ್ ಟಿಪೆಟ್ ಅವರದ್ದು. ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸ್ಟುಡಿಯೊದ ಸ್ಟೀವ್ ವಿಲಿಯಮ್ಸ್ ಯಾರೂ ಹೇಳದೆಯೇ ಟಿ. ರೆಕ್ಸಿನ ಅಸ್ಥಿಪಂಜರವನ್ನು ಕಂಪ್ಯೂಟರಿನಲ್ಲಿ ನಡೆಸಿ, ನಿರ್ಮಾಪಕರು ಬಂದ ದಿನ ಅದನ್ನು ಮಾನಿಟರಿನಲ್ಲಿ ಓಡಿಸಿಟ್ಟಿದ್ದರು. ಜಗತ್ತಿನಲ್ಲಿ ಅದಕ್ಕಿಂತ ಹೆಚ್ಚು ಫಲ ಕೊಟ್ಟ ಡೆಮೊ ನನಗೆ ಗೊತ್ತಿಲ್ಲ. ಗೊಂಬೆಗಳ ಯೋಜನೆ ಬಿದ್ದುಹೋಯಿತು. ನನ್ನ ಮನಸ್ಸು ನಿಲ್ಲುವುದು ಆಮೇಲೆ ನಡೆದದ್ದರ ಮೇಲೆ. ಟಿಪೆಟ್ ಚಿತ್ರ ಬಿಟ್ಟು ಹೋಗಲಿಲ್ಲ. ಭಾರವಾದ ಪ್ರಾಣಿ ಹೆಜ್ಜೆಯಿಡುವಾಗ ತೂಕ ಎಲ್ಲಿ ಬೀಳುತ್ತದೆ, ತಲೆ ಯಾವಾಗ ತಿರುಗುತ್ತದೆ ಎಂಬುದು ಅವರ ಕೈಗೆ ಗೊತ್ತಿತ್ತು. ಕಂಪ್ಯೂಟರ್ ಅನಿಮೇಟರ್‌ಗಳ ಕೆಲಸವನ್ನು ನೋಡಿ ತಿದ್ದುವವರಾಗಿ ಅವರು ಉಳಿದರು. ಮೌಸ್ ಹಿಡಿದದ್ದು ಒಬ್ಬರು, ಕಣ್ಣು ಕೊಟ್ಟದ್ದು ಇನ್ನೊಬ್ಬರು. ಆ ಚಿತ್ರದ ವಿಷುವಲ್ ಎಫೆಕ್ಟ್ಸಿಗೆ ಬಂದ ಆಸ್ಕರಿನಲ್ಲಿ ಟಿಪೆಟ್ ಹೆಸರೂ ಇದೆ.

ನಮ್ಮಲ್ಲಿ 1977ರ 'ಬಭ್ರುವಾಹನ'ದಲ್ಲಿ ಅರ್ಜುನನೂ ರಾಜ್‌ಕುಮಾರ್, ಬಭ್ರುವಾಹನನೂ ರಾಜ್‌ಕುಮಾರ್. ಆ ಕಾಲದಲ್ಲಿ ಒಬ್ಬ ನಟನನ್ನು ಇಬ್ಬರಾಗಿ ತೋರಿಸುವುದೆಂದರೆ ಲೆನ್ಸಿನ ಅರ್ಧ ಮುಚ್ಚಿ ಚಿತ್ರೀಕರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಉಳಿದರ್ಧ ಮುಚ್ಚಿ ಮತ್ತೆ ಚಿತ್ರೀಕರಿಸುವುದು. ಸರಿ ಬಂತೋ ಇಲ್ಲವೋ ಎಂದು ಲ್ಯಾಬಿನಿಂದ ರೀಲ್ ಬಂದ ಮೇಲಷ್ಟೇ ಗೊತ್ತಾಗುವುದು. ನಮಗೋ ಅರೆಗಳಿಗೆಯಲ್ಲಿ ಎಲ್ಲ ಎದುರಿಗೇ ಇರುತ್ತದೆ. ಹೀಗಿದ್ದೂ ನೋಡಿಕೊಡುವವರ ಅಗತ್ಯ ಒಂದಿಷ್ಟೂ ಕಡಿಮೆಯಾಗಿಲ್ಲ.

ಈಚೆಗೆ ಮೂಡಿಗೆರೆ ಕಡೆಯ ಹುಡುಗನೊಬ್ಬ ರೀಲ್ ಕಳಿಸಿದ್ದ. ಮಳೆಗಾಲದ ಚಾರ್ಮಾಡಿ ಘಾಟಿಯನ್ನು ಫೋನಿನಲ್ಲಿ ತಾನೇ ಹಿಡಿದು, ಮಂಜಿನ ತಿರುವಿನಲ್ಲಿ ಕಂಪ್ಯೂಟರಿನಲ್ಲಿ ಮಾಡಿದ ಕೆಂಪು ಸರ್ಕಾರಿ ಬಸ್ಸೊಂದನ್ನು ಓಡಿಸಿದ್ದ. ಸೊಟ್ಟಗಾದ ಬಂಪರ್, ಕಿಟಕಿಯ ಸರಳುಗಳು, ಹಿಂದಿನ ಏಣಿ, ಎಲ್ಲವನ್ನೂ ಅಕ್ಕರೆಯಿಂದ ಕಟ್ಟಿದ್ದ.

"ಅಕ್ಕ, ಬಸ್ಸು ಮಾತ್ರ ಅಂಟಿಸಿದ ಹಾಗೆ ಕಾಣ್ತಿದೆ. ಯಾಕೆ ಅಂತ ಗೊತ್ತಾಗ್ತಿಲ್ಲ."

"ಬಸ್ಸಿನ ಹಿಂದೆ ಇರೋ ಬಂಡೆ ನೋಡು. ಅದರ ಕಪ್ಪು ಎಷ್ಟಿದೆ?"

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಬೂದಿ ಥರ ಇದೆ ಅಕ್ಕ. ನನ್ನ ಟಯರು ಇದ್ದಿಲ ಥರ ಇದೆ."

"ಮಂಜು ಎಲ್ಲರಿಗೂ ಒಂದೇ ಅಲ್ವೇನೋ?"

ಬಸ್ಸಿನ ಕಪ್ಪನ್ನು ಒಂದಿಷ್ಟು ಎತ್ತಿದರೆ ಕೂರುತ್ತದೆ ಎಂದು ನನ್ನ ಮನಸ್ಸಿನಲ್ಲಿತ್ತು, ಬಾಯಿಬಿಟ್ಟು ಹೇಳಲಿಲ್ಲ. ಅದಕ್ಕೆ ಕಾರಣವಿದೆ. ಅನಿಮೇಷನ್ ಸ್ಟುಡಿಯೊ ಪಿಕ್ಸಾರ್ ಕಟ್ಟಿದವರಲ್ಲಿ ಒಬ್ಬರಾದ ಎಡ್ ಕ್ಯಾಟ್‌ಮಲ್ 2014ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅಲ್ಲಿನ ವಿಮರ್ಶೆಯ ಕೂಟದ ಬಗ್ಗೆ ಬರೆದಿದ್ದಾರೆ. ಅಲ್ಲಿ ಯಾರು ಏನೇ ಹೇಳಿದರೂ ನಿರ್ದೇಶಕರು ಅದನ್ನು ಪಾಲಿಸಲೇಬೇಕೆಂದಿಲ್ಲ. ಮದ್ದು ಹುಡುಕುವುದು ಅವರ ಹಕ್ಕು. ನನಗೆ ಅದು ಬಹಳ ಹಿಡಿಸಿದ ನಿಯಮ.

ಮುಂದಿನ ಆವೃತ್ತಿ ಬಂತು. ಅವನು ಇಡೀ ಬಸ್ಸಿನ ಕಪ್ಪನ್ನು ಎತ್ತಿರಲಿಲ್ಲ. ಯಾವ ಭಾಗ ಕ್ಯಾಮೆರಾದಿಂದ ಎಷ್ಟು ದೂರವೆಂದು ಹೇಳುವ ಡೆಪ್ತ್ ಪಾಸ್ ತೆಗೆದು, ಬಸ್ಸಿನ ಮೂತಿಗೂ ಬೆನ್ನಿಗೂ ನಡುವೆ ಮಂಜನ್ನು ಪದರ ಪದರವಾಗಿ ಹರಿಸಿದ್ದ. ಮುಂದಿನ ಬೋರ್ಡು ಸ್ಪಷ್ಟ, ಹಿಂದಿನ ಏಣಿ ಇದ್ದೂ ಇಲ್ಲದಂತೆ. ಹನ್ನೆರಡು ಮೀಟರಿನ ಬಸ್ಸು ಅಷ್ಟೂ ಉದ್ದಕ್ಕೆ ಘಾಟಿಯೊಳಗಿತ್ತು. ನಾನು ಎಣಿಸಿದ್ದಕ್ಕಿಂತ ಎಷ್ಟೋ ಸೊಗಸು! ಖುಷಿಗೆ ಕೂತಲ್ಲೇ ಚಪ್ಪಾಳೆ ತಟ್ಟಿ, ಫೋನ್ ಮಾಡಿ ಅದನ್ನೇ ಹೇಳಿದೆ.

"ಇನ್ನು ಹಿಂದಿನ ಚಕ್ರ ನೋಡು. ರಸ್ತೆ ಒದ್ದೆ ಇದೆ. ನೀರು ಎಲ್ಲಿ ಹೋಯ್ತು?"

"ಅಯ್ಯೋ ಹೌದಲ್ಲ ಅಕ್ಕ! ನಾಳೆನೇ ಹಾಕಿ ಕಳಿಸ್ತೀನಿ."

"ನಾಳೆ ಬೇಡ. ಮಳೆ ಬಂದಾಗ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತು ನೋಡ್ಕೊಂಡು ಬಾ."

ಆ ವಾರವೆಲ್ಲ ನನ್ನ ಫೋನಿಗೆ ಬಸ್ಸಿನ ಚಕ್ರಗಳ ವಿಡಿಯೊಗಳು ಬರುತ್ತಲೇ ಇದ್ದವು. ಒಂದರ ಕೆಳಗೆ ಬರೆದಿದ್ದ: ಗುಂಡಿಯ ನೀರಾದರೆ ಪಕ್ಕಕ್ಕೆ ಚಿಮ್ಮುತ್ತೆ ಅಕ್ಕ, ಬರೀ ಒದ್ದೆ ರಸ್ತೆಯಾದರೆ ಚಕ್ರದ ಹಿಂದೆ ತುಂತುರಾಗಿ ಏಳುತ್ತೆ. ಎರಡನ್ನೂ ಮಾಡಿ ತೋರಿಸ್ತೀನಿ.